ಗೋಡೆಗೆ ಕಾಲು ಕೊಟ್ಟ ವಾರ

ಬೆಳಿಗ್ಗೆ ಎದ್ದಾಗ ನನಗೆ ಸುಸ್ತಾಗಿದೆಯೋ ಇಲ್ಲವೋ ಎಂಬುದು ನನಗೆ ಗೊತ್ತಾಗುವುದಿಲ್ಲ. ಗಡಿಯಾರ ನೋಡಬೇಕು. ಗೋಡೆಯದಲ್ಲ, ಕೈಯದು. ರಾತ್ರಿಯಿಡೀ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುವ ಈ ಕಪ್ಪು ರಬ್ಬರಿನ ಪಂಡಿತ, ನಾನು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ತೀರ್ಪು ಬರೆದಿಟ್ಟಿರುತ್ತಾನೆ. ಹಸಿರು ತೋರಿಸಿದರೆ ನೀನು ಗಟ್ಟಿಯಾಗಿದ್ದೀಯೆ, ಎದ್ದು ಸೈಕಲ್ ತುಳಿ. ಕೆಂಪು ತೋರಿಸಿದರೆ ದಣಿದಿದ್ದೀಯೆ, ಮಲಗು. ಎಷ್ಟೋ ದಿನ ಹಾಡು ಗುನುಗುತ್ತಾ ಎದ್ದವನು ಕೆಂಪು ಕಂಡು, ಅಯ್ಯೋ ಪಾಪ, ಇಷ್ಟೊಂದು ಬಳಲಿದ್ದೇನೆಯೇ ಎಂದು ನನ್ನ ಮೇಲೆ ನಾನೇ ಮರುಗಿ ಮತ್ತೆ ಹೊದ್ದು ಮಲಗಿದ್ದೇನೆ. ಇನ್ನು ಕೆಲವು ದಿನ ಮೈಯ ಕೀಲುಕೀಲೂ ಅಳುತ್ತಿರುವಾಗ ಹಸಿರು ಬಂದು, ಹಾಗಾದರೆ ಈ ನೋವು ಬೇರೆ ಯಾರದೋ ಇರಬೇಕು ಎಂದುಕೊಂಡು ಪೆಡಲ್ ಮೇಲೆ ಕಾಲಿಟ್ಟಿದ್ದೇನೆ.

ನಾನು ಹೊಳಲ್ಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಅದರ ಜೊತೆಗೆ, ಐವತ್ತು ದಾಟಿದವರ ವಿಭಾಗದ ಹವ್ಯಾಸಿ ಸೈಕಲ್ ಸ್ಪರ್ಧಾಳು. ಈ ಎರಡನೆಯ ಬಿರುದನ್ನು ನನ್ನ ಹೆಂಡತಿ ರತ್ನ ಇಂದಿಗೂ ನಗದೆ ಪೂರ್ತಿ ಹೇಳಿಲ್ಲ. ‘ಹವ್ಯಾಸಿ’ವರೆಗೆ ಗಂಭೀರವಾಗಿ ಬರುತ್ತಾಳೆ, ಆಮೇಲೆ ಸೆರಗು ಬಾಯಿಗೆ ಹೋಗುತ್ತದೆ.

ದಣಿವಿನ ವಿಷಯದಲ್ಲಿ ನಮ್ಮ ವಂಶಕ್ಕೆ ಇಷ್ಟೊಂದು ಗೊಂದಲವಿರಲಿಲ್ಲ. ನಮ್ಮ ಮೂಲ ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ. ತಾತ ಕುರಿ ಕಾಯುತ್ತಿದ್ದರು. ಆ ಸೀಮೆಯಲ್ಲಿ ನೆರಳು ಎಂಬುದು ದೊಡ್ಡವರ ಮನೆಯ ಹಜಾರದಂತೆ, ಎಲ್ಲರಿಗೂ ಪ್ರವೇಶವಿಲ್ಲ. ಮಧ್ಯಾಹ್ನವಾದರೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆಯಿಟ್ಟು, ತಮ್ಮ ನೆರಳನ್ನು ತಾವೇ ಹಂಚಿಕೊಂಡು ನಿಲ್ಲುತ್ತಿದ್ದವು. ತಾತ ಕೋಲಿನ ತುದಿಗೆ ಗದ್ದ ಆನಿಸಿ ನಿಂತಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದರು. ಒಮ್ಮೆ ನಾನು, “ತಾತ, ಸುಸ್ತಾತಾ?” ಎಂದು ಕೇಳಿದೆ. ಕಣ್ಣು ತೆರೆಯದೆಯೇ, “ಸುಸ್ತಾಗಾಕೆ ನಾನೇನ್ ಆಫೀಸರ್ ಏನ್ಲಾ?” ಎಂದರು.

ಸೈಕಲ್ ಕಲಿತದ್ದೂ ಅಲ್ಲೇ, ಅಪ್ಪನ ಎತ್ತರದ ಕಪ್ಪು ಸೈಕಲ್ಲಿನ ಮೇಲೆ. ಮೇಲೆ ಎಂದದ್ದು ತಪ್ಪು, ಒಳಗೆ. ಸೀಟು ನನ್ನ ತಲೆಯ ಮಟ್ಟಕ್ಕಿತ್ತು. ಅಡ್ಡಪಟ್ಟಿಯ ಕೆಳಗಿನ ಸಂದಿಯಲ್ಲಿ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ವಾಲಿಸಿ, ಬಾವಿಗೆ ಇಣುಕುವವನಂತೆ ತುಳಿಯಬೇಕು. ಹಿಂದೆ ಕ್ಯಾರಿಯರ್ ಹಿಡಿದು ತಳ್ಳುತ್ತಿದ್ದವಳು ನನ್ನ ಅಕ್ಕ. “ಹಿಡ್ಕಂಡಿದೀನಿ, ತುಳಿಯೋ” ಎನ್ನುತ್ತಿದ್ದ ದನಿ ಬರಬರುತ್ತಾ ದೂರದಿಂದ ಕೇಳತೊಡಗಿತಲ್ಲ ಎಂದು ತಿರುಗಿ ನೋಡುವಷ್ಟರಲ್ಲಿ ನಾನು ಕಣದಲ್ಲಿ ಒಣಗಲು ಹಾಕಿದ್ದ ಶೇಂಗಾ ರಾಶಿಯೊಳಗೆ ಮುಕ್ಕಾಲು ಪಾಲು ಅಡಗಿದ್ದೆ. ಅಕ್ಕ ಓಡಿ ಬಂದು ಮೊದಲು ಎತ್ತಿದ್ದು ಸೈಕಲ್ಲನ್ನು. ಅವಳು ಈಗಲೂ ಧರ್ಮಪುರದಲ್ಲೇ ಇದ್ದಾಳೆ. ನನ್ನನ್ನು ಹಿಂದಿನಿಂದ ತಳ್ಳುವ ಅಧಿಕಾರವನ್ನು ಬಿಟ್ಟುಕೊಟ್ಟಿಲ್ಲ.

ಈ ವಯಸ್ಸಿನಲ್ಲಿ ಮತ್ತೆ ಸೈಕಲ್ ಹತ್ತಿಸಿದವನು ಮಂಜುನಾಥ. ನನ್ನ ಹಳೆಯ ಶಿಷ್ಯ. ಚಿತ್ರದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡು, ಬೆಳಗಿನ ಹೊತ್ತು ನಮ್ಮಂಥ ಹತ್ತಾರು ಮಂದಿಗೆ ತರಬೇತಿ ಕೊಡುತ್ತಾನೆ. ರಕ್ತದಲ್ಲಿ ಸಕ್ಕರೆ ಇಣುಕಿದೆ ಎಂದು ಡಾಕ್ಟರು ಹೇಳಿದ ವಾರವೇ ಅವನು ರಸ್ತೆಯಲ್ಲಿ ಸಿಕ್ಕಿದ. ಸಕ್ಕರೆ ಇಳಿಸಲು ಹೋದವನು ಸ್ಪರ್ಧೆಗೆ ಹೆಸರು ಕೊಟ್ಟು ಬಂದೆ. ಮನುಷ್ಯರು ಹೀಗೆಯೇ ಏನೋ ಮಾಡಲು ಹೋಗಿ ರಾಜ್ಯ ಕಟ್ಟಿದ್ದಾರೆ, ಕಳೆದುಕೊಂಡಿದ್ದಾರೆ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ.

ಮೊದಮೊದಲು ಊರಿನವರ ಕಷ್ಟ ಹೇಳತೀರದು. ಮೈಗಂಟುವ ಚಡ್ಡಿ ತೊಟ್ಟು ಬಗ್ಗಿ ತುಳಿಯುತ್ತಿರುವ ಮೇಷ್ಟ್ರನ್ನು ಕಂಡು ಬೈಕಿನವರು ನಿಧಾನಿಸುತ್ತಿದ್ದರು. “ಗಾಡಿ ಕೆಟ್ಟೋತಾ ಸಾ? ಹತ್ರಿ, ಬಿಡ್ತೀನಿ.” ಬೇಡಪ್ಪ, ವ್ಯಾಯಾಮ ಎಂದರೆ ನಂಬದೆ, ನನ್ನ ಮರ್ಯಾದೆ ಉಳಿಸುವವರಂತೆ ದನಿ ತಗ್ಗಿಸಿ, “ಪೆಟ್ರೋಲ್‌ಗೇನಾರ ಬೇಕಾಗಿತ್ತಾ?” ಎನ್ನುತ್ತಿದ್ದರು.

ಇಷ್ಟನ್ನೆಲ್ಲ ಸಹಿಸಿ ಹೋದ ವರ್ಷ ಸ್ಪರ್ಧೆಗೆ ಇಳಿದೆ. ಹೊಸದುರ್ಗದಿಂದ ಹೊರಟು, ಹೊಳಲ್ಕೆರೆ ಹಾಯ್ದು, ಚಿತ್ರದುರ್ಗ ಮುಟ್ಟಬೇಕು. ಎಲ್ಲರ ಹಿಂದೆ ಒಂದು ವ್ಯಾನು ಬರುತ್ತದೆ. ಕೈಲಾಗದವರನ್ನು ಸೈಕಲ್ ಸಮೇತ ಬಳಿದು ತುಂಬಿಕೊಳ್ಳುವುದು ಅದರ ಕರ್ತವ್ಯ. ಹೋದ ವರ್ಷ ಅದು ನನ್ನನ್ನು ಹೊಳಲ್ಕೆರೆ ದಾಟುವ ಮುನ್ನವೇ ಬಳಿಯಿತು. ನನ್ನ ಊರಿನ ಮುಖ್ಯ ರಸ್ತೆಯಲ್ಲಿ, ನನ್ನ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಲು ನಿಂತಿದ್ದ ಕಡೆ, ನಾನು ವ್ಯಾನಿನ ಕಿಟಕಿಯಿಂದ ಕೈಬೀಸುತ್ತಾ ಹೋದೆ. ಅವರು ತಟ್ಟಿಯೇ ತಟ್ಟಿದರು. ಅದನ್ನು ಮರೆಯಬೇಕಾದರೆ ಒಂದೇ ದಾರಿ: ಈ ವರ್ಷ ದುರ್ಗದಲ್ಲಿ ಸುಣ್ಣದಿಂದ ಎಳೆಯುವ ಮುಕ್ತಾಯದ ಗೆರೆಯನ್ನು ನನ್ನ ಸೈಕಲ್ ಮೇಲೆ ನಾನೇ ದಾಟಬೇಕು. ಮೊದಲೋ ಕೊನೆಯೋ ಆ ಚಿಂತೆಯಿಲ್ಲ. ಒಟ್ಟಿನಲ್ಲಿ ವ್ಯಾನಿನಲ್ಲಿ ಅಲ್ಲ.

ವರ್ಷವಿಡೀ ತುಳಿದೆ. ಬೆಟ್ಟದ ಮೇಲಿನ ಗಾಳಿಯಂತ್ರಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಿಯೇ ಹೊರಡುವುದು ರೂಢಿಯಾಯಿತು. ಅವು ನಾನು ಹೋಗುವ ದಿಕ್ಕಿಗೇ ಮುಖ ಮಾಡಿದ್ದರೆ ಎದುರುಗಾಳಿ. ಹೆಚ್ಚಿನ ದಿನ ನಾನು ಎತ್ತ ಹೋದರೆ ಅತ್ತಲೇ ಮುಖ ಮಾಡಿರುತ್ತಿದ್ದವು, ವಾಪಸು ಬರುವಾಗಲೂ.

ಸ್ಪರ್ಧೆಗೆ ಒಂದು ವಾರವಿರುವಾಗ ಮಂಜುನಾಥ ಹೊಸ ಮಂತ್ರ ಉಪದೇಶಿಸಿದ. “ಸರ್, ಇನ್ನು ತುಳೀಬೇಡಿ. ಈ ವಾರ ಪೂರಾ ರಿಕವರಿ.”

“ಹಾಗಂದರೆ?”

“ರೆಸ್ಟ್ ಸರ್. ಕುಂತ್ಕಳಾಕೆ ಜಾಗ ಇದ್ರೆ ನಿಂತ್ಕಬೇಡಿ. ಮಲಗಾಕೆ ಜಾಗ ಇದ್ರೆ ಕುಂತ್ಕಬೇಡಿ.”

ನನ್ನ ಮೇಷ್ಟ್ರುಗಳು ಯಾರೂ ಇಷ್ಟು ಉದಾತ್ತವಾದ ಪಾಠ ಹೇಳಿಕೊಟ್ಟಿರಲಿಲ್ಲ. ದಿನಕ್ಕೆರಡು ಸಲ ಹಾಸಿಗೆಯ ಮೇಲೆ ಅಂಗಾತ ಮಲಗಿ ಕಾಲೆರಡನ್ನೂ ಗೋಡೆಗೆ ನೆಟ್ಟಗೆ ಏರಿಸಿ ಇಡಬೇಕು, ರಕ್ತ ಕೆಳಗಿಳಿಯುತ್ತದೆ ಎಂದೂ ಹೇಳಿದ. ಸೋಮವಾರ ಕಾಲೇಜಿನಿಂದ ಬಂದು, ಬೀದಿಬದಿಯ ಕೋಣೆಯಲ್ಲಿ, ಕಿಟಕಿ ತೆರೆದಿಟ್ಟುಕೊಂಡು, ವಿಧಿಪೂರ್ವಕವಾಗಿ ಗೋಡೆಗೆ ಕಾಲು ಕೊಟ್ಟು ಮಲಗಿದೆ.

ಕಿಟಕಿ ತೆರೆದಿಟ್ಟದ್ದು ತಪ್ಪಾಯಿತು.

ನಮ್ಮ ಕಡೆ ದುಡಿಯುವವನನ್ನು ಯಾರೂ ಗಮನಿಸುವುದಿಲ್ಲ. ಮಲಗಿದವನನ್ನು ಮಾತ್ರ ಮಾತಾಡಿಸಿಕೊಂಡು ಬರಲೇಬೇಕು. ಅದೊಂದು ಕಟ್ಟಳೆ. ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು, ಕಾಯಿಲೆಗೆ ಹೋಗದಿದ್ದರೆ ಇಲ್ಲ. ಹೋಗುವಾಗ ಕೈಯಲ್ಲಿ ಬ್ರೆಡ್ಡೋ ಮೂಸಂಬಿಯೋ ಇರಬೇಕು. ಕೂತ ಮೇಲೆ ಅದೇ ಕಾಯಿಲೆಯಿಂದ ತೀರಿಕೊಂಡ ಒಬ್ಬರ ಕಥೆ ಹೇಳಿ ಧೈರ್ಯ ತುಂಬಬೇಕು.

ಮೊದಲು ಬಂದವರು ಎದುರು ಮನೆಯ ತಿಪ್ಪೇಸ್ವಾಮಿ. ಕರೆಂಟಿನ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬ್ರೆಡ್ಡಿನ ಪೊಟ್ಟಣವನ್ನು ನನ್ನ ತಲೆದಿಂಬಿನ ಪಕ್ಕಕ್ಕಿಟ್ಟು, ಗೋಡೆಯ ಮೇಲಿದ್ದ ನನ್ನ ಪಾದಗಳನ್ನು ಬಹಳ ಹೊತ್ತು ನೋಡಿದರು.

“ಯಾವಾಗಿಂದ ಇಂಗೆ?”

“ಇವತ್ತಿನಿಂದ. ನನಗೇನೂ ಆಗಿಲ್ಲ ತಿಪ್ಪೇಸ್ವಾಮಿ. ಭಾನುವಾರ ಸ್ಪರ್ಧೆ ಇದೆಯಲ್ಲ, ಅದಕ್ಕೆ ವಿಶ್ರಾಂತಿ.”

ಅವರು ರತ್ನಳ ಕಡೆ ತಿರುಗಿದರು. “ಡಾಕ್ಟ್ರು ಇವರಿಗೆ ಹೇಳಿಲ್ವೇನಮ್ಮ?”

“ಏನೂ ಇಲ್ಲ ಬಿಡ್ರಣ್ಣ, ಚೆನ್ನಾಗವ್ರೆ” ಎಂದಳು ರತ್ನ.

“ನಮ್ಮ ಷಡ್ಡಕನೂ ಇಂಗೇ ಚೆನ್ನಾಗೇ ಇದ್ದ” ಎಂದು ತಿಪ್ಪೇಸ್ವಾಮಿ ನಿಟ್ಟುಸಿರಿಟ್ಟರು. “ಕಾಲಿಂದಲೇ ಶುರುವಾಗಿದ್ದು.”

ಮಂಗಳವಾರ ಬೀದಿ ಬಂತು. ನಾನು ರಜೆ ಹಾಕಿದ್ದರಿಂದ ಬುಧವಾರ ಕಾಲೇಜು ಬಂತು. ಬಂದವರಿಗೆಲ್ಲ ಚಹಾ ಆಗಬೇಕು. ಹಾಲು ತರಲು ನಾನೇ ಓಡಾಡಬೇಕು. ಓಡಾಡುವುದನ್ನು ಕಂಡವರು, “ಪಾಪ, ಈ ಸ್ಥಿತೀಲೂ ಮೇಷ್ಟ್ರನ್ನ ಹಾಲಿಗೆ ಕಳಿಸ್ತಾರಲ್ಲ” ಎಂದು ರತ್ನಳ ಮೇಲೆ ಮಾತು ತಂದರು. ಅವಳಿಗೂ ಸಾಕಾಗಿರಬೇಕು. ಗುರುವಾರ ಯಾರಿಗೋ, “ಹೂಂ, ಸ್ವಲ್ಪ ಕಾಲು ಸರಿ ಇಲ್ಲ” ಎಂದುಬಿಟ್ಟಳು. ನಾನು ಆಕ್ಷೇಪಿಸಿದ್ದಕ್ಕೆ, “ನಿಜ ಹೇಳಿದ್ರೆ ಅರ್ಧ ಗಂಟೆ ಕುಂತ್ಕತಾರೆ ರೀ, ಸುಳ್ಳು ಹೇಳಿದ್ರೆ ಐದು ನಿಮಿಷಕ್ಕೆ ಏಳ್ತಾರೆ” ಎಂದಳು. ಬ್ರೆಡ್ಡು ರಾಶಿಯಾಯಿತು. ಕೆಡಿಸಬಾರದೆಂದು ತಿಂದೆ. ಗಡಿಯಾರ ಕೆಂಪಾಯಿತು. ನಾಲ್ಕು ದಿನ ಮಲಗಿ ನಾನು ಹಿಂದೆಂದೂ ಇಲ್ಲದಷ್ಟು ದಣಿದಿದ್ದೆ.

ಶುಕ್ರವಾರ ಅಕ್ಕ ಬಂದಿಳಿದಳು. ಸುದ್ದಿ ಧರ್ಮಪುರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಕಾಲು ‘ಸರಿ ಇಲ್ಲ’ದಿಂದ ‘ಇಲ್ಲ’ದವರೆಗೆ ಬಂದಿತ್ತು. ಬಾಗಿಲಲ್ಲೇ ಚೀಲ ಹಾಕಿ ಒಳಗೆ ನುಗ್ಗಿದವಳು, ನಾನು ಎದ್ದು ನಿಂತದ್ದು ಕಂಡು, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಎರಡೂ ಕಡೆ ಒತ್ತಿ ನೋಡಿದಳು. ಸಂತೆಯಲ್ಲಿ ಟಗರು ನೋಡುವುದು ಹೀಗೆ.

“ನೋಯ್ತತಾ?”

“ಇಲ್ಲಕ್ಕ. ಚೆನ್ನಾಗಿದೆ. ಮೊದಲಿಂದಲೂ ಚೆನ್ನಾಗಿಯೇ ಇತ್ತು.”

ಅಕ್ಕ ಎರಡೂ ಕೈ ಎತ್ತಿ ಮುಗಿದಳು. “ಹಾಲುರಾಮೇಶ್ವರ ಸ್ವಾಮಿ, ನಡೆಸಿಕೊಟ್ಟೆಯಪ್ಪ! ಲೇ ತಮ್ಮ, ಸುದ್ದಿ ಕೇಳಿದ್ ತಕ್ಷಣ ಹರಕೆ ಕಟ್ಕಂಡೆ. ನಮ್ಮ ಹುಡುಗನ ಕಾಲು ಸರಿ ಮಾಡು, ಹೊಸದುರ್ಗದಿಂದ ನಿನ್ನ ಸನ್ನಿಧಿಗೆ ನಡೆಸ್ಕಂಡ್ ಬರ್ತೀನಿ ಅಂತ. ನಾಳೆ ಹೋಗಾಣ.”

“ನಾಳಿದ್ದು ಸ್ಪರ್ಧೆ ಅಕ್ಕ. ಮುಂದಿನ ವಾರ ಹೋಗೋಣ.”

“ಹರಕೆ ಬಾಕಿ ಇಟ್ಕಂಡು ಗಾಡಿ ಹತ್ತತಾರೇನೋ? ಕಾಲು ಕೊಟ್ಟೋನು ಸುಮ್ನಿರ್ತಾನಾ?”

“ನನ್ನ ಕಾಲು ಕೆಟ್ಟೇ ಇರಲಿಲ್ಲವಲ್ಲ, ಹರಕೆ ಹೇಗೆ ಬಂತು?”

“ಹಂಗಾದ್ರೆ ಈಗ ಚೆನ್ನಾಗೈತಾ?”

“ಐತೆ.”

“ಹಂಗಾದ್ರೆ ನಡಿ.”

“ಚೆನ್ನಾಗಿಲ್ಲ ಅಂದರೆ?”

“ಚೆನ್ನಾಗಿಲ್ಲ ಅಂದ್ರೆ ಸೈಕಲ್ ಯಾಕ್ ತುಳಿತೀಯ? ಮಲಗು, ಇನ್ನೊಂದ್ ವಾರ ನಾನೇ ಇದ್ದು ನೋಡ್ಕಂತೀನಿ.”

ನಾನು ಮೂವತ್ತು ವರ್ಷ ಮಕ್ಕಳಿಗೆ ಕೋಟೆಗಳ ಬಗ್ಗೆ ಹೇಳಿದವನು. ಏಳು ಸುತ್ತಿನ ಕೋಟೆಯ ನೆರಳಲ್ಲೇ ಬದುಕಿದವನು. ಹೊರದಾರಿಯೇ ಇಲ್ಲದ ಇಂಥ ಕೋಟೆಯನ್ನು ಎಲ್ಲಿಯೂ ಕಂಡಿರಲಿಲ್ಲ. ರತ್ನಳ ಮುಖ ನೋಡಿದೆ. ಅವಳು ಮೂಸಂಬಿ ಸುಲಿಯುವುದರಲ್ಲಿ ತಲ್ಲೀನಳಾಗಿದ್ದಳು. ಮಂಜುನಾಥನಿಗೆ ಫೋನು ಮಾಡಿದೆ. “ನಡಿಯೋದಾ? ಶನಿವಾರವಾ? ಬೇಡವೇ ಬೇಡ ಸರ್!” ಎಂದ. ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಎರಡು ನಿಮಿಷವಾದ ಮೇಲೆ ಅದು ಹಿಂತಿರುಗಿ ಬಂದಾಗ ಮಂಜುನಾಥ ಹೇಳುತ್ತಿದ್ದ: “ನಿಧಾನಕ್ಕೆ ನಡೀರಿ ಸರ್.”

ಶನಿವಾರ ಹೊಸದುರ್ಗದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದೆವು. ಅಕ್ಕ ಮುಂದೆ, ಬರಿಗಾಲಲ್ಲಿ, ಊರಿನ ಸುದ್ದಿಯನ್ನೆಲ್ಲ ಹೇಳುತ್ತಾ. ನಾನು ಹಿಂದೆ, ಅದೂ ಬರಿಗಾಲಲ್ಲಿ, ಮಂಜುನಾಥ ಹೇಳಿದ ‘ನಿಧಾನ’ವನ್ನು ಹುಡುಕುತ್ತಾ. ಇಬ್ಬರು ಬೈಕಿನವರು ನಿಲ್ಲಿಸಿ ಕರೆದರು. ಜೀವನದಲ್ಲಿ ಮೊದಲ ಬಾರಿಗೆ ಹತ್ತಬೇಕೆನಿಸಿತು, ಆದರೆ ಅಕ್ಕ ಇದ್ದಳು. ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳವಿದೆ. ಮುಂದೆ ಕೂತು ಮನಸ್ಸಿನಲ್ಲಿ ಬೇಡಿಕೊಂಡರೆ ನೀರಿನೊಳಗಿಂದ ಪ್ರಸಾದ ತೇಲಿಬರುತ್ತದೆ ಎಂದು ನಂಬಿಕೆ. “ಬೇಡ್ಕಳೋ” ಎಂದಳು ಅಕ್ಕ. ಏನೆಂದು ಬೇಡಲಿ? ಗೆರೆ ದಾಟಿಸು ಎನ್ನೋಣವೆಂದರೆ, ಇಷ್ಟು ದೊಡ್ಡ ಸನ್ನಿಧಿಯಲ್ಲಿ ಸೈಕಲ್ಲಿನ ವಿಷಯ ಎತ್ತಲು ನಾಚಿಕೆ. ಆರೋಗ್ಯ ಕೊಡು ಎನ್ನೋಣವೆಂದರೆ ಅದನ್ನು ಅಕ್ಕ ಆಗಲೇ ತೆಗೆದುಕೊಂಡಾಗಿತ್ತು. ನಾನು ದಣಿದಿದ್ದೇನೋ ಇಲ್ಲವೋ ಅಷ್ಟು ತಿಳಿಸು ಸಾಕು ಎಂದು ಕಣ್ಣು ಮುಚ್ಚಿದೆ.

ಒಂದು ಬಾಳೆಹಣ್ಣು ತೇಲಿಬಂತು.

ಅಕ್ಕ ಹಣ್ಣನ್ನು ಕಣ್ಣಿಗೊತ್ತಿಕೊಂಡು, “ಒಳ್ಳೇದಾತು ಬಿಡು, ಇನ್ನು ನಿಂಗೆ ಏನೂ ಆಗಲ್ಲ” ಎಂದಳು. ಪಕ್ಕದಲ್ಲಿದ್ದ ಹೆಂಗಸು, ಬಾಳೆಹಣ್ಣು ಬಂದರೆ ಸ್ವಲ್ಪ ತಡವಾಗುತ್ತದೆ, ಆದರೆ ಆಗುತ್ತದೆ ಎಂದು ವಿವರಿಸಿದಳು. ಫೋನಿನಲ್ಲಿ ಮಂಜುನಾಥನಿಗೆ ತಿಳಿಸಿದರೆ, “ಪೊಟ್ಯಾಸಿಯಂ ಸರ್, ಈಗ್ಲೇ ತಿಂದ್ಬಿಡಿ” ಎಂದ. ಮೂವರ ಮಾತೂ ಒಂದಕ್ಕೊಂದು ವಿರೋಧವಾಗಿರಲಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗೆ ಯಾವುದೂ ಉತ್ತರವಾಗಿರಲಿಲ್ಲ. ತಿಂದೆ. ಸಿಹಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹೊಸದುರ್ಗದಲ್ಲಿ ಸ್ಪರ್ಧೆಯ ಬಾವುಟ ಬೀಸಿದರು. ಅಂಗಾಲಲ್ಲಿ ಎರಡು ಬೊಬ್ಬೆ, ಹೊಟ್ಟೆಯಲ್ಲಿ ಐದು ದಿನದ ಬ್ರೆಡ್ಡು, ಮನಸ್ಸಿನಲ್ಲಿ ಬಾಳೆಹಣ್ಣಿನ ಅರ್ಥ. ಎಲ್ಲರೂ ಹೋದರು. ನನ್ನ ಹಿಂದೆ ವ್ಯಾನು ಉಳಿಯಿತು. ನಾನೂ ವ್ಯಾನೂ ಹಳೆಯ ಪರಿಚಯದವರಂತೆ ಜೊತೆಜೊತೆಗೆ ಸಾಗಿದೆವು. ಹನ್ನೊಂದು ಗಂಟೆ ಗಡುವು. ಆಶ್ಚರ್ಯವೆಂದರೆ ಕಾಲು ನಡೆಯುತ್ತಿತ್ತು. ಹೋದ ವರ್ಷ ವ್ಯಾನು ನನ್ನನ್ನು ಬಳಿದ ಜಾಗ ಬಂತು, ಹಿಂದೆ ಹೋಯಿತು. ಲೆಕ್ಕ ಹಾಕಿದೆ. ಇದೇ ವೇಗದಲ್ಲಿ ಹೋದರೆ ಗಡುವಿನೊಳಗೆ ದುರ್ಗ.

ಹೊಳಲ್ಕೆರೆ ಬಂತು. ನಮ್ಮ ಬೀದಿಯ ತಿರುವಿನಲ್ಲಿ, ರಸ್ತೆಯ ನಟ್ಟನಡುವೆ, ಎರಡೂ ಕೈ ಚಾಚಿ ತಿಪ್ಪೇಸ್ವಾಮಿ ನಿಂತಿದ್ದರು. ಹಿಂದೆ ಇಡೀ ಬೀದಿ.

“ನಿಲ್ಸ್ರಿ ಮೇಷ್ಟ್ರೇ, ನಿಲ್ಸ್ರಿ! ಆರಾಮಾದ್ರಾ?”

ಪಕ್ಕಕ್ಕೆ ಸರಿದು ಹೋಗಬಹುದಿತ್ತು. ಆದರೆ ಮನೆಗೆ ಬಂದು ಮಾತಾಡಿಸಿದವರಿಗೆ, ಎದ್ದ ಮೇಲೆ ನಾನೇ ನಿಂತು ‘ಆರಾಮಾದೆ’ ಎಂದು ಹೇಳಬೇಕು. ಅದು ಕಟ್ಟಳೆಯ ಉಳಿದರ್ಧ. ಅವರ ಬ್ರೆಡ್ಡು ತಿಂದು ಮುಖ ತಿರುಗಿಸಿಕೊಂಡು ಹೋದವನನ್ನು, ಅವನು ನಿಜವಾಗಿ ಮಲಗಿದ ದಿನ ಯಾರು ನೋಡುತ್ತಾರೆ? ಬ್ರೇಕ್ ಒತ್ತಿದೆ. ಇಳಿದೆ.

“ಆರಾಮಾದೆ” ಎಂದೆ.

“ನೋಡ್ರಿ, ಹೆಂಗ್ ಬೆವರ್ತಾ ಅವ್ರೆ. ಇನ್ನೂ ಪೂರ್ತಿ ಆಗಿಲ್ಲ” ಎಂದರು ಒಬ್ಬರು. ಎಳನೀರು ಬಂತು. ಇನ್ನೊಬ್ಬರು ಕಾಲು ಮುಟ್ಟಿ ನೋಡಿದರು. ತಿಪ್ಪೇಸ್ವಾಮಿಯವರಂತೂ ತಮ್ಮ ಷಡ್ಡಕನಿಗೆ ಈ ಯೋಗವಿರಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ಅವರ ಹೆಗಲ ಮೇಲೆ ಕೈಯಿಟ್ಟು ನಾನೇ ಸಮಾಧಾನ ಹೇಳಬೇಕಾಯಿತು. ವ್ಯಾನಿನ ಡ್ರೈವರನಿಗೂ ಎಳನೀರು ಕೊಟ್ಟರು. ಕೊನೆಗೆ ಗುಂಪು ಸೀಳಿಕೊಂಡು ರತ್ನ ಬಂದಳು.

“ಬಿಡ್ರಣ್ಣ ಅವರನ್ನ! ಹೊತ್ತಾಗ್ತೈತೆ!” ಎಂದು ಕೂಗಿ, ನನಗೆ ಮಾತ್ರ ಕೇಳುವಂತೆ, “ಹೋಗ್ರಿ. ವ್ಯಾನ್ ಹತ್ತಿದ್ರೆ ಮನೆಗೆ ಬರಬೇಡಿ” ಎಂದಳು. ನಗಲಿಲ್ಲ. ಈ ವಿಷಯದಲ್ಲಿ ಅವಳು ನಗದೆ ಮಾತಾಡಿದ್ದು ಅದೇ ಮೊದಲು.

ಊರು ದಾಟಿದ ಮೇಲೆ ಏರು. ಬೆಟ್ಟದ ಮೇಲಿನ ಗಾಳಿಯಂತ್ರಗಳೆಲ್ಲ ನಾನು ಹೋಗುವ ಕಡೆಗೇ ಮುಖ ಮಾಡಿ, ರೆಕ್ಕೆ ತಿರುಗಿಸುತ್ತಾ ನನ್ನತ್ತ ಗಾಳಿ ಕಳಿಸುತ್ತಿರುವಂತಿತ್ತು. ವ್ಯಾನು ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿ ಇಳಿಸಿದ.

“ಹತ್ರಿ ಸಾ. ಟೈಮ್ ಆಗೋತು. ಎಸಿ ಐತೆ.”

“ಇಲ್ಲಪ್ಪ, ಬರ್ತೀನಿ.”

“ಯಾವಾಗ?”

ತಲೆ ತಗ್ಗಿಸಿ ತುಳಿದೆ. ಅವನು ಸ್ವಲ್ಪ ದೂರ ಜೊತೆಗೆ ಬಂದು, ಊಟಕ್ಕೆ ಹೊತ್ತಾಯಿತೆಂದು ಮುಂದೆ ಹೋಗಿಬಿಟ್ಟ. ವ್ಯಾನಿನಿಂದಲೂ ಹಿಂದೆ ಬಿದ್ದ ಸ್ಪರ್ಧಾಳುವಿಗೆ ಏನೆನ್ನುತ್ತಾರೋ ತಿಳಿಯದು. ರಸ್ತೆಯಲ್ಲಿ ನಾನೊಬ್ಬನೇ. ಈಗ ಇದು ಸ್ಪರ್ಧೆಯೋ, ಹೊಳಲ್ಕೆರೆಯ ಮೇಷ್ಟ್ರೊಬ್ಬ ಏನೋ ಕೆಲಸದ ಮೇಲೆ ದುರ್ಗಕ್ಕೆ ಹೋಗುತ್ತಿರುವುದೋ? ಹಾಗಿದ್ದರೆ ಆ ಕೆಲಸ ಯಾವುದು? ತುಳಿದೆ. ಸುಸ್ತಾಗಿತ್ತು. ಇದೊಂದು ಮಾತ್ರ ಯಾರನ್ನೂ ಕೇಳದೆ ಗೊತ್ತಾಯಿತು. ಯಾಕೋ ಸಮಾಧಾನವೂ ಆಯಿತು.

ದುರ್ಗ ಮುಟ್ಟುವಾಗ ಗಡುವು ಮೀರಿ ಎಷ್ಟೋ ಹೊತ್ತಾಗಿತ್ತು. ಶಾಮಿಯಾನ ಇರಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ರಸ್ತೆಗೆ ಅಡ್ಡಲಾಗಿ ಕಟ್ಟಿದ್ದ ಬಟ್ಟೆಯ ಕಮಾನನ್ನು ಬಿಚ್ಚಿ, ಇಬ್ಬರು ಆಳುಗಳು ಎರಡು ತುದಿ ಹಿಡಿದು ಮಡಚುತ್ತಿದ್ದರು. ನಾನು ಹೋಗಿ ಅವರೆದುರು ನಿಂತೆ.

“ಏನ್ ಸಾ?”

“ಸ್ಪರ್ಧೆ” ಎಂದೆ. ಅದಕ್ಕಿಂತ ಹೆಚ್ಚು ಉಸಿರು ಇರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವನು, “ಬಿಚ್ಚಲೇ ಮಡಿಕೆನ” ಎಂದ. ಬಟ್ಟೆಯನ್ನು ಬಿಡಿಸಿ, ಆ ಪಕ್ಕ ಒಬ್ಬ ಈ ಪಕ್ಕ ಒಬ್ಬ ನಿಂತು, ತುದಿಗಳನ್ನು ಕೈಯೆತ್ತಿ ತಲೆಯ ಮೇಲಕ್ಕೆ ಹಿಡಿದರು. ಎಷ್ಟು ಎತ್ತಿದರೂ ನಡುವೆ ಜೋತುಬಿದ್ದಿತ್ತು. “ಬರ್ರಿ ಸಾ, ಬರ್ರಿ, ತಲೆ ಬಗ್ಸಿ!” ಸೈಕಲ್ ಹಿಂದಕ್ಕೆ ತಂದು, ಹತ್ತಿ, ಬಗ್ಗಿ ತುಳಿದೆ. ಗಾಳಿಗೆ ಬಟ್ಟೆ ಮುಖಕ್ಕೆ ಸುತ್ತಿಕೊಂಡಿತು. ಕಣ್ಣಿಗೆ ಏನೂ ಕಾಣದು. ಒಳಗಿನಿಂದಲೇ ಕೂಗಿದೆ, “ದಾಟಿದ್ನಾ?”

“ದಾಟಿದ್ರಿ ಸಾ!” ಎಂದ ಎಡಗಡೆಯವನು.

“ಎಲ್ಲಿ ದಾಟಿದ್ರಲೇ? ಗೆರೆ ಇನ್ನೂ ಒಂದ್ ಮಾರು ಮುಂದೈತೆ” ಎಂದ ಬಲಗಡೆಯವನು.

“ಅದು ಹೋದ್ ವರ್ಷದ ಗೆರೆ ಕಣಲೇ!”

“ಹೋದ್ ವರ್ಷದ್ದು ಆ ಕಡೆಗಿತ್ತು. ನಾನೇ ಸುಣ್ಣ ಹಾಕಿದ್ದು, ನಂಗೊತ್ತಿಲ್ವಾ?”

ಅವರ ಜಗಳ ತೀರುವವರೆಗೆ ಕಾಯುವಂತಿರಲಿಲ್ಲ. ಬಟ್ಟೆಯನ್ನು ಮುಖದಿಂದ ಸರಿಸಿ ಕೆಳಗೆ ನೋಡಿದೆ. ಸುಣ್ಣವೆಲ್ಲ ಕಾಲಿಗೆ, ಟಯರಿಗೆ ಹತ್ತಿ ರಸ್ತೆಯ ಉದ್ದಕ್ಕೂ ಹರಡಿ ಹೋಗಿತ್ತು. ಯಾವುದಕ್ಕೂ ಇರಲೆಂದು ಒಂದು ಮಾರು ಮುಂದೆ ತುಳಿದೆ. ಅನುಮಾನ ಹೋಗಲಿಲ್ಲ, ಇನ್ನೊಂದು ಮಾರು ತುಳಿದೆ. ಬೆನ್ನ ಹಿಂದೆ ಅವರಿನ್ನೂ ವಾದಿಸುತ್ತಿದ್ದರು. ಹಾಗೆಯೇ ತುಳಿಯುತ್ತಾ ಹೋಗಿ, ಮುಂದಿನ ಚಕ್ರ ಚಹಾ ಅಂಗಡಿಯ ಬೆಂಚಿಗೆ ತಾಗಿದ ಮೇಲೆ, ಇನ್ನು ಯಾವ ವರ್ಷದ ಗೆರೆಯಾದರೂ ನನ್ನ ಹಿಂದೆಯೇ ಇರಬೇಕು ಎಂದುಕೊಂಡು ಇಳಿದೆ.